ಮೂರು ವರ್ಷದಿಂದ ಚರ್ಚ್‌ಗೆ ಬರದವರ ಹೆಸರು ತೆಗೆಯಿರಿ ಅಂತಿದ್ದಾರೆ. ನಿಮ್ಮ ಸಭೆಗಳಲ್ಲಿ ಏನು ಮಾಡುತ್ತೀರಿ?

ಓಣಿಯ_ಹುಡುಗ

ಎಲ್ಲರಿಗೂ ವಂದನೆ. ನಮ್ಮದು ಉತ್ತರ ಕರ್ನಾಟಕದ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಬಾಸೆಲ್ ಮಿಷನ್ ಅನ್ನೋ ವಿದೇಶಿ ಮಿಷನರಿಗಳ ಕಾಲದ್ದು. ಮುತ್ತಜ್ಜನಿಂದ ಹಿಡಿದು ನನ್ನ ಮಗಳವರೆಗೆ ನಮ್ಮ ಮನೆಯ ಎಲ್ಲರ ದೀಕ್ಷಾಸ್ನಾನ ಅಲ್ಲೇ ಆಗಿದೆ. ಈ ಸಲ ನನ್ನನ್ನು ಸಭಾ ಕಮಿಟಿಗೆ ಆರಿಸಿದ್ದಾರೆ. ಮೊದಲನೇ ಮೀಟಿಂಗ್‌ನಲ್ಲೇ ಸದಸ್ಯರ ರಿಜಿಸ್ಟರ್ ಕೈಗೆ ಕೊಟ್ಟು, ಮೂರು ವರ್ಷದಿಂದ ಬರದೇ ಇರುವವರು, ಚಂದಾ ಕೊಡದೇ ಇರುವವರು ಯಾರ್ಯಾರು ಅಂತ ಪಟ್ಟಿ ಮಾಡು, ಸಾಮಾನ್ಯ ಸಭೆಗೆ ಮುಂಚೆ ಹೆಸರು ತೆಗೆದುಬಿಡೋಣ ಅಂದರು.

ಪಟ್ಟಿ ಮಾಡಿದೆ. 38 ಮನೆ ಬಂತು.

ಅದರಲ್ಲಿ ನನಗೆ ಸಂಡೇ ಸ್ಕೂಲ್‌ನಲ್ಲಿ ಪಾಠ ಹೇಳಿಕೊಟ್ಟ ಟೀಚರ್ ಇದ್ದಾರೆ. ಕ್ವಾಯರ್‌ನಲ್ಲಿ ನನ್ನ ಪಕ್ಕ ನಿಂತು ಹಾಡುತ್ತಿದ್ದ ಗೆಳೆಯ ಇದ್ದಾನೆ. ಇನ್ನೊಂದು ಮನೆಯವರು ನಮ್ಮ ಓಣಿಯಲ್ಲೇ ಇದ್ದಾರೆ, ದಿನಾ ಬೆಳಿಗ್ಗೆ ಹಾಲಿನ ಅಂಗಡಿಯಲ್ಲಿ ಸಿಗುತ್ತಾರೆ, ಮಾತಾಡುತ್ತೇವೆ, ಆದರೆ ಅವರು ಚರ್ಚ್‌ಗೆ ಬರುತ್ತಿಲ್ಲ ಅನ್ನೋದು ಈ ಪಟ್ಟಿ ಮಾಡುವವರೆಗೆ ನನ್ನ ಗಮನಕ್ಕೇ ಬಂದಿರಲಿಲ್ಲ. ಅದು ನನಗೆ ತುಂಬಾ ಚುಚ್ಚಿತು.

ಅದೇ ಬೀರುವಿನಲ್ಲಿ ಇನ್ನೊಂದು ಹಳೇ ಪುಸ್ತಕ ಸಿಕ್ಕಿತು. ಎಪ್ಪತ್ತರ ದಶಕದ್ದು. ಆಗಿನ ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು, ಪ್ರತಿ ಮನೆಯ ಹೆಸರಿನ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣಕ್ಕೆ ಬರೆದಿಟ್ಟಿದ್ದಾರೆ. "ಮಗನಿಗೆ ಮಿಲ್ಲಿನಲ್ಲಿ ಕೆಲಸ ಹೋಗಿದೆ." "ಅತ್ತೆ ಸೊಸೆ ಮಾತಿಲ್ಲ, ಇಬ್ಬರನ್ನೂ ಬೇರೆ ಬೇರೆ ನೋಡಬೇಕು." "ಎರಡು ವಾರದಿಂದ ಕಾಣಲಿಲ್ಲ, ಹೋಗಿದ್ದೆ, ಬಾಣಂತಿ." ಈಗಿನ ರಿಜಿಸ್ಟರ್‌ನಲ್ಲಿ ಹೆಸರಿನ ಪಕ್ಕ ಇರೋದು ಚಂದಾ ಕಾಲಂ ಒಂದೇ.

ಕಮಿಟಿಯವರು ಕೆಟ್ಟವರಲ್ಲ. ಲೆಕ್ಕ ಸರಿ ಇರಬೇಕು ಅನ್ನೋದು ಅವರ ಮಾತು, ಅದೂ ಒಪ್ಪಬೇಕಾದ್ದೇ. ಆದರೆ ಒಂದು ಸಲವೂ ಮನೆಗೆ ಹೋಗಿ ಕೇಳದೆ ಹೆಸರು ಹೊಡೆದುಹಾಕೋಕೆ ನನಗೆ ಕೈ ಬರುತ್ತಿಲ್ಲ. ನಿಮ್ಮ ಸಭೆಗಳಲ್ಲಿ ಹೇಗೆ? ಯಾರು ಹೋಗುತ್ತಾರೆ, ಹೋಗಿ ಏನು ಮಾತಾಡುತ್ತಾರೆ? ಯಾವ ಪಂಗಡದವರಾದರೂ ಸರಿ, ಹೇಳಿ.

ಕರಾವಳಿ_ಬಾಯಿ

ನಾನು ಮಂಗಳೂರು ಕಡೆಯ ಕಥೊಲಿಕ್. ಆರು ವರ್ಷ ನಮ್ಮ ವಾಡೊದ ಗುರ್ಕಾರ್ನ್ ಆಗಿದ್ದೆ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಉದ್ದ ಬರೀತೇನೆ.

ಗೊತ್ತಿಲ್ಲದವರಿಗೆ ಹೇಳ್ತೇನೆ. ನಮ್ಮಲ್ಲಿ ಒಂದು ಇಗರ್ಜಿಗೆ, ಅಂದರೆ ಚರ್ಚಿಗೆ, ಸೇರಿದ ಮನೆಗಳನ್ನು ವಾಡೊ ಅಂತ ಭಾಗ ಮಾಡಿರ್ತಾರೆ. ಒಂದೊಂದಕ್ಕೆ ಒಬ್ಬ ಗುರ್ಕಾರ್, ಹೆಂಗಸಾದರೆ ಗುರ್ಕಾರ್ನ್. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಸಾವು, ಯಾರು ಪೂಜೆಗೆ ಬರ್ತಾ ಇಲ್ಲ, ಇದೆಲ್ಲ ಪಾದ್ರಿಗಳಿಗೆ ತಿಳಿಯುವುದು ಇವರಿಂದಲೇ. ಮನೆಗಳಿಗೆ ಹೋಗಿ ಜನರ ಕಷ್ಟಸುಖ ತಿಳಿಯಬೇಕು ಅಂತ ನಮ್ಮ ಕಥೊಲಿಕ್ ಸಭೆಯ 1983ರ ಕ್ಯಾನನ್ ಕಾನೂನಿನ 529ನೇ ವಿಧಿ ವಿಗಾರ್‌ಗೇ, ಅಂದರೆ ಇಗರ್ಜಿಯ ಮುಖ್ಯ ಪಾದ್ರಿಗೇ, ಹೇಳ್ತದೆ. ಆದರೆ ನೂರಾರು ಮನೆ ಉಂಟು, ಒಬ್ಬರೇ ಎಷ್ಟು ಅಂತ ಹೋಗ್ತಾರೆ ಮಾರಾಯ್ರೆ.

ಹೆಸರು ತೆಗೆಯುವ ಮಾತು ನಮ್ಮಲ್ಲಿ ಇಲ್ಲ. ಜ್ಞಾನಸ್ನಾನದ ಪುಸ್ತಕದಲ್ಲಿ ಬರೆದದ್ದು ಬರೆದದ್ದೇ. ಆದರೆ ಹೆಸರು ಉಂಟು ಅಂತ ನಾವೂ ಸುಮ್ಮನೆ ಕೂತುಬಿಡ್ತೇವೆ, ಆ ತಪ್ಪು ನಮ್ಮದು.

ನಾನು ಕಂಡುಕೊಂಡ ಒಂದು ದಾರಿ ಹೇಳ್ತೇನೆ. ಸೆಪ್ಟೆಂಬರ್ 8ಕ್ಕೆ ನಮಗೆ ಮೊಂತಿ ಫೆಸ್ತ್, ಮರಿಯಮ್ಮನವರ ಹುಟ್ಟುಹಬ್ಬ. ಆವತ್ತು ಹೊಸ ಭತ್ತದ ತೆನೆ ಆಶೀರ್ವಾದ ಮಾಡಿ ಮನೆಗೊಂದು ಅಂತ ಕೊಡ್ತಾರೆ. ಅದರ ಅಕ್ಕಿ ತೆಗೆದು ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಒಟ್ಟಿಗೆ ಕೂತು ಕುಡಿಯುವುದು. ದುಬೈ, ಕುವೈತ್‌ನಲ್ಲಿ ಇರುವ ಮಕ್ಕಳಿಗೆ ಕವರ್‌ನಲ್ಲಿ ಹಾಕಿ ಕಳಿಸುವವರೂ ಇದ್ದಾರೆ. ಇಗರ್ಜಿಗೆ ಬಾರದ ಮನೆಗಳಿಗೆ ಆ ತೆನೆ ನಾನೇ ತೆಗೆದುಕೊಂಡು ಹೋಗ್ತಿದ್ದೆ. ಯಾಕೆ ಬರಲಿಲ್ಲ ಅಂತ ಒಮ್ಮೆಯೂ ಕೇಳಲಿಲ್ಲ. "ಹೊಸ ಅಕ್ಕಿ ತಂದಿದ್ದೇನೆ" ಅಂತ ಅಷ್ಟೇ. ತೆನೆ ಬೇಡ ಅಂದವರು ಆರು ವರ್ಷದಲ್ಲಿ ಒಬ್ಬರೂ ಇಲ್ಲ.

ಒಂದು ಮನೆಯ ವಿಷಯ ಹೇಳಲೇಬೇಕು. ತಾಯಿ ಒಬ್ಬರೇ ಇರುವುದು. ಮಗಳು ಬೇರೆ ಧರ್ಮದ ಹುಡುಗನನ್ನು ರಿಜಿಸ್ಟರ್ ಮದುವೆ ಆದಳು. ಅಂದಿನಿಂದ ತಾಯಿ ಬರುವುದು ನಿಂತಿತು. ಎರಡನೇ ವರ್ಷ ತೆನೆ ಕೊಟ್ಟು ಬರುವಾಗ ಗೇಟಿನ ಹತ್ತಿರ ಮೆಲ್ಲ ಕೇಳಿದರು, "ನನಗೆ ಇನ್ನು ಪರಮಪ್ರಸಾದ ಕೊಡುವುದಿಲ್ಲ ಅಲ್ವಾ?" ಪರಮಪ್ರಸಾದ ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ. ನನಗೆ ಗಾಬರಿಯೇ ಆಯಿತು. ಮಗಳ ಮದುವೆಗೂ ತಾಯಿಯ ಪರಮಪ್ರಸಾದಕ್ಕೂ ಏನೂ ಸಂಬಂಧ ಇಲ್ಲ. ಯಾರೋ ಹಾಗೆ ಹೇಳಿದ್ದರಂತೆ, ಅವರು ನಂಬಿದ್ದರು. ಯಾರೋ ಬಾಯಿಗೆ ಬಂದ ಹಾಗೆ ಹೇಳಿದ ಒಂದು ಮಾತಿಗೆ ನಾಲ್ಕು ವರ್ಷ ಆ ಹೆಂಗಸು ಭಾನುವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಒಬ್ಬರೇ ತೇರ್ಸ್ (ಜಪಮಾಲೆ) ಹೇಳ್ತಾ ಕೂತಿದ್ದರು. ಮರುದಿನವೇ ಪಾದ್ರಿಗಳನ್ನು ಕರೆದುಕೊಂಡು ಹೋದೆ.

ಅದಕ್ಕೇ ಹೇಳುವುದು, ಪಟ್ಟಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಒಂದು ಸಲ ಹೋದರೂ ಗೊತ್ತಾಗುವುದಿಲ್ಲ. ಎರಡನೇ ಸಲ, ಗೇಟಿನ ಹತ್ತಿರ, ಹೊರಡುವಾಗ ಬಾಯಿ ಬಿಡ್ತಾರೆ.

ನೈಟ್‌ಶಿಫ್ಟ್_ಬೆಂಗಳೂರು

ನಾನು ಆ ಕಡೆಯವನು. ಅಂದರೆ ನಿಮ್ಮಂಥ ಒಂದು ಪಟ್ಟಿಯಲ್ಲಿ ಹೆಸರು ಇದ್ದವನು.

ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ನಮ್ಮ ಮನೆಯವರೆಲ್ಲ ಇಲ್ಲೇ ಒಂದು ಕನ್ನಡ ಸಭೆಗೆ ಸೇರಿದೆವು. ನನಗೆ ಶನಿವಾರ ರಾತ್ರಿ ಶಿಫ್ಟ್. ಬೆಳಿಗ್ಗೆ ಆರೂವರೆಗೆ ಕ್ಯಾಬ್ ಮನೆ ಮುಂದೆ ಇಳಿಸೋದು, ಎಂಟಕ್ಕೆ ಆರಾಧನೆ. ಮೊದಮೊದಲು ಕಣ್ಣು ಮುಚ್ಚಿಕೊಂಡೇ ಹೋಗುತ್ತಿದ್ದೆ. ಆಮೇಲೆ ತಿಂಗಳಿಗೆ ಒಂದು ಸಲ ಆಯಿತು, ಆಮೇಲೆ ಕ್ರಿಸ್‌ಮಸ್, ಈಸ್ಟರ್. ಬಿಡಬೇಕು ಅಂತ ಯಾವತ್ತೂ ಅಂದುಕೊಳ್ಳಲಿಲ್ಲ. ಅದರಷ್ಟಕ್ಕೆ ಬಿಟ್ಟುಹೋಯಿತು. 2020ರ ಲಾಕ್‌ಡೌನ್ ಬಂದಾಗ ಎಲ್ಲರೂ ಮನೆಯಲ್ಲೇ ಯೂಟ್ಯೂಬ್‌ನಲ್ಲಿ ಆರಾಧನೆ ನೋಡುತ್ತಿದ್ದರು, ಆಗ ನಾನು ಬರದೇ ಇರೋದು ಯಾರಿಗೂ ಕಾಣದಂತೆ ಆಯಿತು. ಬಾಗಿಲು ತೆರೆದ ಮೇಲೂ ಹೋಗಲಿಲ್ಲ.

ನಿಜವಾಗಿ ನೋವಾಗಿದ್ದು ಎರಡು ವಿಷಯಕ್ಕೆ. ಒಂದು, ಅಷ್ಟು ವರ್ಷದಲ್ಲಿ ಸಭೆಯಿಂದ ಬಂದ ಮೊದಲ ಫೋನು ಕಟ್ಟಡ ನಿಧಿಗೆ. ಫೋನ್ ಮಾಡಿದವರಿಗೆ ನಮ್ಮ ಅಪ್ಪ ತೀರಿಹೋಗಿದ್ದು ಗೊತ್ತಿರಲಿಲ್ಲ, ಅಪ್ಪನನ್ನೇ ಕೇಳಿದರು. ಎರಡನೆಯದು ಆ ವರ್ಷದ ಡಿಸೆಂಬರ್. ಅಮ್ಮ ಬಾಗಿಲಿಗೆ ಸ್ಟಾರ್ ಕಟ್ಟಿಸಿದ್ದರು. ಮನೆಮನೆಗೆ ಕ್ರಿಸ್‌ಮಸ್ ಹಾಡು ಹಾಡುವ ಕ್ಯಾರಲ್‌ನವರು ಬರುತ್ತಾರೆ ಅಂತ ರೋಸ್ ಕುಕ್ಕಿ, ಚಕ್ಕುಲಿ ಎಲ್ಲ ಮಾಡಿ ಡಬ್ಬಿಗೆ ತುಂಬಿ ಇಟ್ಟಿದ್ದರು. ರಾತ್ರಿ ಹತ್ತೂವರೆ ಹೊತ್ತಿಗೆ ಕ್ಯಾರಲ್ ವ್ಯಾನ್ ನಮ್ಮ ಬೀದಿಗೇ ಬಂತು, ಗಿಟಾರ್ ಸದ್ದು, ಡೋಲಿನ ಸದ್ದು ಎಲ್ಲ ಕೇಳಿಸಿತು, ಅಮ್ಮ ಎದ್ದು ಗೇಟಿನ ಲೈಟ್ ಹಾಕಿದರು. ವ್ಯಾನ್ ನಿಲ್ಲಲಿಲ್ಲ. ನಾಲ್ಕು ಮನೆ ಆಚೆ ನಿಂತಿತು. ಅಮ್ಮ ಒಳಗೆ ಬಂದು ಲೈಟ್ ಆಫ್ ಮಾಡಿ ಮಲಗಿದರು. ಚಂದಾ ಬಾಕಿ ಇದ್ದವರ ಮನೆ ಆ ಸಲದ ಪಟ್ಟಿಯಲ್ಲಿ ಇರಲಿಲ್ಲವಂತೆ, ಆಮೇಲೆ ಗೊತ್ತಾಯಿತು.

ಈಗ ಒಂದು ಪೆಂಟೆಕೋಸ್ಟಲ್ ಸಭೆಗೆ ಹೋಗುತ್ತೇವೆ. ಬೋಧನೆಯಲ್ಲಿ ನನಗೆ ಒಪ್ಪಿಗೆ ಆಗದ ವಿಷಯ ಸುಮಾರಿದೆ. ಆದರೆ ಒಂದು ಭಾನುವಾರ ಹೋಗದಿದ್ದರೆ ಮಂಗಳವಾರದ ಒಳಗೆ ಯಾರಾದರೂ ಒಬ್ಬರು ಫೋನ್ ಮಾಡುತ್ತಾರೆ. "ಬ್ರದರ್, ಹುಷಾರಾಗಿದ್ದೀರಾ?" ಅಷ್ಟೇ. ಅಮ್ಮನಿಗೆ ಆಪರೇಷನ್ ಆದಾಗ ಮೂರು ದಿನ ಊಟ ಅವರೇ ತಂದುಕೊಟ್ಟರು.

ಆದ್ದರಿಂದ ಅಣ್ಣಾ, ಮೂರು ವರ್ಷ ಆದ ಮೇಲೆ ಪಟ್ಟಿ ಮಾಡೋದರಲ್ಲಿ ಏನೂ ಇಲ್ಲ. ಮೂರು ವಾರಕ್ಕೆ ಮಾಡಿ. ಮೂರು ವಾರದಲ್ಲಿ ಯಾರಾದರೂ ಬಂದು ಕೇಳಿದ್ದರೆ ನಾನು ಶಿಫ್ಟ್ ವಿಷಯ ಹೇಳುತ್ತಿದ್ದೆ, ಸಂಜೆ ಆರಾಧನೆ ಎಲ್ಲಿದೆ ಅಂತ ಅವರು ಹೇಳುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು.

ಲೆಕ್ಕ_ನೋಡಿದವನು

ನಾನು ಎರಡು ಅವಧಿ ಖಜಾಂಚಿ ಆಗಿದ್ದವನು, ನನ್ನ ಮಾತು ಬೇಜಾರಾಗಬಹುದು. ಪಟ್ಟಿ ಸರಿ ಮಾಡೋದು ಬೇಕೇ ಬೇಕು. ಯಾವತ್ತೂ ಬರದವರ ಹೆಸರು ಹಾಗೇ ಇಟ್ಟುಕೊಂಡರೆ ಕಮಿಟಿ ಚುನಾವಣೆ ದಿನ ವ್ಯಾನ್ ಮಾಡಿ ಕರೆದುಕೊಂಡು ಬರುತ್ತಾರೆ, ಆವತ್ತೇ ಬಾಕಿ ಚಂದಾ ಯಾರೋ ಕಟ್ಟುತ್ತಾರೆ, ಓಟು ಹಾಕಿಸುತ್ತಾರೆ, ಮತ್ತೆ ಮುಂದಿನ ಚುನಾವಣೆಗೇ ಅವರ ಮುಖ ನೋಡೋದು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೂ ಆ ಜನರಿಗೆ ಮಾಡುವ ಅವಮಾನವೇ.

ನನ್ನ ಸಲಹೆ ಇಷ್ಟು. ಓಟಿನ ಪಟ್ಟಿ ಬೇರೆ ಇರಲಿ, ಸಭೆಯವರ ಪುಸ್ತಕ ಬೇರೆ ಇರಲಿ. ಓಟಿನ ಪಟ್ಟಿಗೆ ಏನು ನಿಯಮ ಇದೆಯೋ ಹಾಗೇ ನಡೆಯಲಿ. ಸಭೆಯ ಪುಸ್ತಕದಿಂದ ಮಾತ್ರ, ಅವರೇ ಬೇರೆ ಸಭೆಗೆ ಸೇರಿ ಪತ್ರ ಕೇಳುವವರೆಗೆ, ಯಾರ ಹೆಸರೂ ತೆಗೆಯಬೇಡಿ. ನಾವು ಎರಡನ್ನೂ ಒಂದೇ ರಿಜಿಸ್ಟರ್‌ನಲ್ಲಿ ಬರೆದು ಕೆಡಿಸಿಕೊಂಡೆವು.

ಬೀದರ್_ಅಜ್ಜ

ಖಜಾಂಚಿಯವರ ಮಾತಿಗೆ ಒಂದು ಹಳೇ ವಿಷಯ ನೆನಪಾಯಿತು. ನಾನು ಬೀದರ್ ಕಡೆಯ ಮೆಥೋಡಿಸ್ಟ್ ಸಭೆಯವನು, ನಿವೃತ್ತ ಮೇಷ್ಟ್ರು.

ನಮ್ಮ ಪಂಗಡ ಶುರು ಮಾಡಿದ ಜಾನ್ ವೆಸ್ಲಿಗೆ 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕಟ್ಟಡದ ಸಾಲ ತಲೆ ಮೇಲೆ ಇತ್ತು. ಒಬ್ಬರು ಒಂದು ಉಪಾಯ ಹೇಳಿದರು. ಜನರನ್ನು ಹನ್ನೆರಡು ಹನ್ನೆರಡಾಗಿ ಭಾಗ ಮಾಡೋಣ, ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ, ಒಬ್ಬ ಮುಂದಾಳು ಮನೆಮನೆಗೆ ಹೋಗಿ ತರಲಿ. ಕೊಡೋಕೆ ಆಗದವರ ಪಾಲು ಮುಂದಾಳೇ ಹಾಕಲಿ. ಹಾಗೆ ಮನೆಮನೆಗೆ ಹೋದವರು ಬಂದು ವೆಸ್ಲಿಗೆ ಹೇಳಿದ್ದು ಬರೀ ದುಡ್ಡಿನ ಲೆಕ್ಕ ಅಲ್ಲ. ಇವನು ಕುಡಿಯುತ್ತಿದ್ದಾನೆ, ಆ ಮನೆಯಲ್ಲಿ ಜಗಳ, ಹೀಗೆ ಬದುಕಿನ ಸುದ್ದಿ ತಂದರು. ಇದೇ ನಮಗೆ ಬೇಕಾಗಿದ್ದದ್ದು ಅಂತ ವೆಸ್ಲಿಗೆ ಹೊಳೆಯಿತು. ಅಲ್ಲಿಂದ ಶುರುವಾಗಿದ್ದೇ ನಮ್ಮ ಕ್ಲಾಸ್ ಮೀಟಿಂಗ್, ಕ್ಲಾಸ್ ಲೀಡರ್ ಪದ್ಧತಿ. ತನ್ನ ಕ್ಲಾಸಿನ ಪ್ರತಿಯೊಬ್ಬರನ್ನೂ ವಾರಕ್ಕೆ ಒಮ್ಮೆಯಾದರೂ ನೋಡೋದು ಲೀಡರ್ ಕೆಲಸ.

ಅವರು ದುಡ್ಡಿಗೆ ಅಂತ ಹೋಗಿ ಜನರನ್ನು ಕಂಡರು. ಈಗ ನಾವು ಜನರನ್ನು ನೋಡೋಕೆ ಅಂತ ಹೊರಟರೂ ಕೈಯಲ್ಲಿ ರಸೀದಿ ಪುಸ್ತಕ ಹಿಡಿದಿರುತ್ತೇವೆ. ಅದನ್ನು ಮನೆಯಲ್ಲೇ ಬಿಟ್ಟು ಹೋಗಪ್ಪಾ. ಅವರಾಗಿ ಕೊಡ್ತೀವಿ ಅಂದರೂ ಆವತ್ತು ತಗೊಳ್ಳಬೇಡ.

ಇನ್ನೊಂದು. ಎಲ್ಲರೂ ಬೈಬಲಿನ ಲೂಕ 15 ಹೇಳುತ್ತಾರೆ, ತಪ್ಪಿಹೋದ ಕುರಿ, ತಪ್ಪಿಹೋದ ಮಗ ಅಂತ. ನಡುವೆ ಇರುವ, ಹತ್ತು ನಾಣ್ಯದಲ್ಲಿ ಒಂದನ್ನು ಕಳೆದುಕೊಂಡ ಹೆಂಗಸನ್ನು ಮರೆಯುತ್ತಾರೆ. ನಾಣ್ಯ ಕಳೆದಿದ್ದು ಹೊರಗೆ ಅಲ್ಲ, ಮನೆ ಒಳಗೇ. ಅವಳು ದೀಪ ಹಚ್ಚಿ ತನ್ನ ಮನೆಯನ್ನೇ ಗುಡಿಸಿದಳು. ನಿನ್ನ 38 ಮನೆಯಲ್ಲಿ ಎಷ್ಟೋ ಮನೆ ಆ ನಾಣ್ಯದ ತರಹದವು. ಅವರು ಎಲ್ಲಿಗೂ ಹೋಗಿಲ್ಲ.

ಹೆಸರು_ಬೇಡ

ನಾನೂ ಬಿಟ್ಟುಬಂದವಳು, ಆದರೆ ಶಿಫ್ಟ್ ಕಾರಣಕ್ಕೆ ಅಲ್ಲ. ಸಭೆಯಲ್ಲಿ ಒಬ್ಬ ದೊಡ್ಡವರಿಂದ ನನಗೆ ಕೆಟ್ಟ ಅನುಭವ ಆಯಿತು. ಹೇಳಿದೆ. ನಂಬಲಿಲ್ಲ. ಆಮೇಲೆ ಅದೇ ಜನ "ಅಮ್ಮಾ, ಭಾನುವಾರ ಕಾಣಲೇ ಇಲ್ಲ" ಅಂತ ಮನೆಗೆ ಬಂದರು. ನಾನು ಅಡುಗೆಮನೆಯಿಂದ ಆಚೆ ಬರಲೇ ಇಲ್ಲ.

ಮನೆಮನೆಗೆ ಹೋಗುವವರಿಗೆ ಒಂದೇ ಬೇಡಿಕೆ. ಹೋಗುವ ಮುಂಚೆ ಯಾರು ಹೋಗಬೇಕು ಅಂತ ಯೋಚನೆ ಮಾಡಿ. ಹೆಂಗಸರು ಇರುವ ಮನೆಗೆ ಸ್ತ್ರೀಯರ ಕೂಟದವರು ಒಬ್ಬರಾದರೂ ಜೊತೆಗೆ ಇರಲಿ. ಒಳಗೆ ಕೂತ ಮೇಲೆ "ಮುಂದಿನ ವಾರ ಬನ್ನಿ" ಅನ್ನಬೇಡಿ. "ನಮ್ಮಿಂದ ಏನಾದರೂ ತಪ್ಪಾಗಿದೆಯಾ?" ಅಂತ ಕೇಳಿ, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಪೂರ್ತಿ ಕೇಳಿಸಿಕೊಳ್ಳಿ. ನನ್ನಂಥವರ ಮಾತು ಬಂದರೆ ಅದನ್ನು ಅಲ್ಲೇ ಮುಚ್ಚಿಡಬೇಡಿ, ಆದರೆ ಓಣಿಗೆಲ್ಲ ಹಂಚಲೂ ಬೇಡಿ. ಬೇಡ ಅಂದರೆ ಎದ್ದು ಬನ್ನಿ. ವಾಟ್ಸಾಪ್‌ನಲ್ಲಿ ವಚನ ಕಳಿಸ್ತಾ ಕೂರಬೇಡಿ.

ಎಡಿನ್‌ಬರೊ_ಕನ್ನಡತಿ

ಚಿಕ್ಕದಾಗಿ ಒಂದು ವಿಷಯ. ನಾನು ಈಗ ಸ್ಕಾಟ್ಲೆಂಡ್‌ನಲ್ಲಿ ಇದ್ದೇನೆ. ಇಲ್ಲಿನ ಚರ್ಚ್ ಆಫ್ ಸ್ಕಾಟ್ಲೆಂಡ್‌ನಲ್ಲಿ ಹಿರಿಯರಿಗೆ, ಅಂದರೆ ಎಲ್ಡರ್‌ಗಳಿಗೆ, ಇಷ್ಟು ಮನೆ ಅಂತ ಹಂಚಿಕೊಡುತ್ತಾರೆ. ಕರ್ತನ ಭೋಜನದ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚುವ ಆರಾಧನೆಯ, ಭಾನುವಾರಕ್ಕೆ ಮುಂಚೆ ಅವರು ಆ ಮನೆಗಳಿಗೆ ಹೋಗಿ ಪ್ರತಿ ಸದಸ್ಯರಿಗೂ ಒಂದು ಕಾರ್ಡ್ ಕೊಟ್ಟು ಬರುವ ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಇದೆ. ಆವತ್ತು ಆ ಕಾರ್ಡ್ ಚರ್ಚಿನಲ್ಲಿ ವಾಪಸ್ ಕೊಡಬೇಕು. ಯಾರು ಬಂದಿಲ್ಲ ಅಂತ ಅದರಿಂದಲೇ ಗೊತ್ತಾಗುತ್ತೆ. ನನ್ನ ಮನೆಗೆ ಬಂದ ಹಿರಿಯರು ಎಂಬತ್ತರ ಹತ್ತಿರದವರು. ಮಳೆಯಲ್ಲಿ ಮೂರು ಮಹಡಿ ಹತ್ತಿ ಬಂದಿದ್ದರು. ಕಾರ್ಡ್ ಕೊಟ್ಟು, ಅಡುಗೆ ವಾಸನೆ ಚೆನ್ನಾಗಿದೆ ಅಂದರು. ಸಾರಿಗೆ ಒಗ್ಗರಣೆ ಹಾಕಿದ್ದೆ. ಕೂರಿಸಿ ಒಂದು ಲೋಟ ಕೊಟ್ಟೆ. ಈ ದೇಶಕ್ಕೆ ಬಂದು ಎಂಟು ತಿಂಗಳಾಗಿತ್ತು, ನಮ್ಮ ಮನೆಗೆ ಬಂದ ಮೊದಲನೇ ಮನುಷ್ಯ ಅವರು.

ಓಣಿಯ_ಹುಡುಗ

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ತುಂಬಾ ಥ್ಯಾಂಕ್ಸ್. ನೈಟ್‌ಶಿಫ್ಟ್ ಅಣ್ಣಾ, ಕ್ಯಾರಲ್ ವಿಷಯ ಓದಿ ನನ್ನ ಹೆಂಡತಿ ಅತ್ತುಬಿಟ್ಟಳು. ಡಿಸೆಂಬರ್‌ನಲ್ಲಿ ಇಲ್ಲಿ ಕ್ಯಾರಲ್ ಪಟ್ಟಿ ಮಾಡೋದು ನಾನೇ, 38 ಮನೆಯೂ ಅದರಲ್ಲಿ ಇರುತ್ತವೆ.

ನಿನ್ನೆ ನಾವಿಬ್ಬರೂ ಎರಡು ಮನೆಗೆ ಹೋಗಿದ್ದೆವು, ರಸೀದಿ ಪುಸ್ತಕ ಇಲ್ಲದೆ. ಮೊದಲನೇ ಮನೆಯವರು ಗೇಟ್ ತೆಗೆಯಲಿಲ್ಲ. "ಕಮಿಟಿಯಿಂದ ಬಂದಿರಾ?" ಅಂತ ಕೇಳಿದರು, ಹೌದು ಅಂದೆ, ಒಳಗೆ ಹೋದರು. ಬೇರೆ ಯಾರನ್ನು ಕಳಿಸಬೇಕು ಅಂತ ಯೋಚನೆ ಮಾಡುತ್ತಿದ್ದೇನೆ.

ಎರಡನೆಯದು ನನ್ನ ಸಂಡೇ ಸ್ಕೂಲ್ ಟೀಚರ್ ಮನೆ. 76 ವಯಸ್ಸು ಈಗ. ನನ್ನನ್ನು ನೋಡಿ ಹೆಸರು ಹಿಡಿದೇ ಕರೆದರು. ಚಹಾ, ಚುರುಮುರಿ ಆಯಿತು. ಹಳೇ ಕಥೆ ಎಲ್ಲ ಆಯಿತು. ಚರ್ಚ್ ಮಾತು ನಾನು ತೆಗೆಯಲಿಲ್ಲ. ನಾನು ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು ಹೇಳಿದರಂತೆ. ಸಕ್ಕರೆ ಕಾಯಿಲೆ, ಪದೇಪದೇ ಬಾತ್‌ರೂಮಿಗೆ ಹೋಗಬೇಕು. ನಮ್ಮ ಚರ್ಚಿನ ಬಾತ್‌ರೂಮು ಹಿಂದೆ ಇದೆ, ಏಳು ಮೆಟ್ಟಿಲು ಇಳಿಯಬೇಕು, ಹಿಡಿಯೋಕೆ ಏನೂ ಇಲ್ಲ. ಒಂದು ಸಲ ಆರಾಧನೆ ನಡುವೆ ತಡೆಯೋಕೆ ಆಗದೆ ಸೀರೆ ಒದ್ದೆ ಆಯಿತಂತೆ. ಎಲ್ಲರೂ ಹೋಗುವವರೆಗೆ ಬೆಂಚಿನ ಮೇಲೆ ಹಾಗೇ ಕೂತಿದ್ದರಂತೆ. ಮತ್ತೆ ಬರಲಿಲ್ಲ. ಇದನ್ನು ಯಾರ ಹತ್ತಿರ ಹೇಳೋದು, ಅಲ್ವಾ? ಟೀಚರನ್ನು ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ, ಬೇರೆಯವರಿಗೆ ಉಪಯೋಗ ಆದರೆ ಬರೀ ಅಂದರು.

ಇನ್ನೂ ಒಂದು ಕೇಳಿದರು. ಚಂದಾ ಬಾಕಿ ಇದೆ, ನಾಳೆ ನಾನು ಸತ್ತರೆ ನಮ್ಮ ಯಜಮಾನರ ಪಕ್ಕ ಮಣ್ಣಿಗೆ ಜಾಗ ಕೊಡ್ತಾರಾ ಅಂತ. ಅದಕ್ಕೆ ಉತ್ತರ ಬರೆದೇ ಕೊಡಬೇಕು ಅಂತ ಕಮಿಟಿಗೆ ಹೇಳುತ್ತೇನೆ. ಅಯ್ಯನವರಿಗೆ ರಾತ್ರಿಯೇ ಫೋನ್ ಮಾಡಿದೆ, ಗುರುವಾರ ಕರ್ತನ ಭೋಜನ ಮನೆಗೇ ತಗೊಂಡು ಹೋಗುತ್ತಾರೆ. ಖಜಾಂಚಿಯವರು ಹೇಳಿದ ಹಾಗೆ ಎರಡು ಪುಸ್ತಕ ಬೇರೆ ಮಾಡೋಣ ಅಂತ ಮೀಟಿಂಗ್‌ನಲ್ಲಿ ಇಡುತ್ತೇನೆ. ಹೊಸ ಪುಸ್ತಕದಲ್ಲಿ ಹೆಸರಿನ ಪಕ್ಕ ಖಾಲಿ ಜಾಗ ಜಾಸ್ತಿ ಬಿಡಿಸಿದ್ದೇನೆ, ಪೆನ್ಸಿಲ್‌ನಲ್ಲಿ ಬರೆಯೋಕೆ.

ಒಂದು ಸಹಾಯ ಬೇಕು. ಆ ಏಳು ಮೆಟ್ಟಿಲಿಗೆ ಸ್ಟೀಲ್ ಹಿಡಿಕೆ ಹಾಕಿಸಬೇಕು, ಆದರೆ ಬಾತ್‌ರೂಮನ್ನೇ ಮೇಲೆ, ವೆಸ್ಟ್ರಿ (ಅಯ್ಯನವರು ಸಿದ್ಧರಾಗುವ ಕೋಣೆ) ಪಕ್ಕಕ್ಕೆ ತರೋದು ಒಳ್ಳೆಯದು ಅಂತ ಒಬ್ಬರು ಅಂದರು. ಗೋಡೆ ಹಳೇದು, ಕಲ್ಲಿನದು. ಹಳೇ ಚರ್ಚ್‌ನಲ್ಲಿ ಇಂಥ ಕೆಲಸ ಮಾಡಿಸಿದವರು ಯಾರಾದರೂ ಇದ್ದರೆ, ಹೇಗೆ ಮಾಡಿಸಿದಿರಿ ಅಂತ ಬರೆಯಿರಿ.